ಅಡಿಯಲ್ಲಿದ್ದ ಹಾಳೆ

ಮೊದಲ ಚಿತ್ರ ಸರಿಯಾಗಿಯೇ ಏಳತೊಡಗಿತ್ತು.

ಕೆಂಪು ದೀಪದ ಕೆಳಗೆ, ಟ್ರೇಯಲ್ಲಿ ಮುಳುಗಿದ್ದ ಬಿಳಿ ಹಾಳೆಯೊಳಗಿಂದ ಮೊದಲು ಒಂದು ಸೇತುವೆ ಬಂತು. ಆಮೇಲೆ ಸೇತುವೆಯ ಮೇಲೆ ಸೈಕಲ್ ತಳ್ಳಿಕೊಂಡು ಹೋಗುವ ಹೆಂಗಸು. ನನ್ನ ಸೋದರಮಾವ ಟ್ರೇಯ ಮೂಲೆಯನ್ನು ಒಂದೇ ಬೆರಳಿನಲ್ಲಿ ಎತ್ತಿ ಇಳಿಸುತ್ತಿದ್ದರು, ತೊಟ್ಟಿಲು ತೂಗುವವರ ಹಾಗೆ. ಐವತ್ತು ವರ್ಷದಿಂದ ಹೀಗೇ ತೂಗುತ್ತಿದ್ದಾರೆ. ಚಿತ್ರ ಏಳುವಾಗ ಇವತ್ತಿಗೂ ಉಸಿರು ಬಿಗಿಹಿಡಿಯುತ್ತಾರೆ. ನಾನೂ ಹಿಡಿಯುತ್ತೇನೆ.

ಆಗ ಬಲಗಡೆಯ ಅಂಚಿನಿಂದ ಕಪ್ಪು ಹೊರಟಿತು.

ನೆರಳಿನ ಕಪ್ಪಲ್ಲ. ಡಾಂಬರಿನಂಥ ಕಪ್ಪು. ಮೂರು ಬೆರಳಗಲದ ಪಟ್ಟಿಯೊಂದು ಮೇಲಿಂದ ಕೆಳಗಿನವರೆಗೆ ನುಂಗಿಕೊಂಡು ಬಂತು. ಉಳಿದ ಹಾಳೆಗೆ ಹೊಗೆ ಹಿಡಿದಂಥ ಬೂದಿಬಣ್ಣ. ಸೈಕಲ್ಲಿನ ಹೆಂಗಸು ಆ ಹೊಗೆಯಲ್ಲೇ ಕರಗಿಹೋದಳು.

"ಇದೇನಿದು?" ಅಂದರು ಮಾವ.

ಮಾವ ಎರಡನೇ ಹಾಳೆ ತೆಗೆದರು. ಎನ್‌ಲಾರ್ಜರಿನ ಕೆಳಗಿಟ್ಟು ಬೆಳಕು ಕೊಟ್ಟು ಟ್ರೇಗೆ ಹಾಕಿದರು. ಅದೇ ಕಪ್ಪು ಪಟ್ಟಿ. ಅದೇ ಹೊಗೆ.

"ಬೆಳಕು ಬಿದ್ದಿದೆ," ಅಂದರು. ದನಿ ಸಣ್ಣಗಿತ್ತು. ಅದೇ ಹೆದರಿಕೆ ಹುಟ್ಟಿಸಿತು. "ಯಾರೋ ಬೆಳಕಲ್ಲಿ ಡಬ್ಬ ತೆಗೆದಿದ್ದಾರೆ."

ಫೋಟೋ ಕಾಗದ ಅಂದರೆ ಸಾಮಾನ್ಯ ಕಾಗದವಲ್ಲ. ಕೆಂಪು ದೀಪ ಬಿಟ್ಟು ಬೇರೆ ಯಾವ ಬೆಳಕು ಕಂಡರೂ ಅದರ ಕತೆ ಮುಗಿಯಿತು. ಕಣ್ಣಿಗೆ ಬೆಳ್ಳಗೇ ಕಾಣುತ್ತದೆ, ಚಿತ್ರ ಮೂಡಿಸುವ ಡೆವಲಪರ್‌ಗೆ ಹಾಕಿದರೆ ಕರ್ರಗಾಗುತ್ತದೆ. ಅದಕ್ಕೇ ಅದನ್ನು ಕಪ್ಪು ಕವರಿನೊಳಗೆ, ಕವರನ್ನು ರಟ್ಟಿನ ಡಬ್ಬದೊಳಗೆ ಇಡುವುದು. ಇದು ಕೊನೆಯ ಡಬ್ಬ. ಈ ಕಾಗದ ಮಾಡುತ್ತಿದ್ದ ಕಾರ್ಖಾನೆ ಮುಚ್ಚಿ ಎಂಟು ವರ್ಷ. ಒಳಗಿದ್ದದ್ದು ಹದಿನೈದು ಹಾಳೆ. ಮುಂದಿನ ವಾರ ಗ್ರಂಥಾಲಯದ ಹಾಲಿನಲ್ಲಿ ತೂಗುಹಾಕಬೇಕಾದದ್ದು, ಮಾವ ಐವತ್ತು ವರ್ಷದಲ್ಲಿ ತೆಗೆದವುಗಳಲ್ಲಿ ಆರಿಸಿದ ಹದಿನೈದು ಚಿತ್ರ. ಒಂದಕ್ಕೊಂದು ಲೆಕ್ಕ.

ಮಾವ ನನ್ನ ಕಡೆ ತಿರುಗಿದರು.

"ಹಾಳೆಗಳನ್ನ ಮಗುಚಿ ಬೇರೆ ಇಟ್ಟಿದ್ದೀಯ. ಹೊಳಪು ಬದಿ ಕೆಳಗೆ! ನಿನಗೆ ಎಷ್ಟು ಸಲ ಹೇಳಿದ್ದೀನಿ?"

"ನಾನಾ? ನಾನು ಯಾಕೆ—"

"ಈ ಕೋಣೆಗೆ ಎರಡೇ ಕೀಲಿ. ಒಂದು ನನ್ನ ಅಂಗಿ ಜೇಬಲ್ಲಿ. ಇನ್ನೊಂದು ನಿನ್ನ ಹತ್ರ. ಗುರುವಾರ ಇಲ್ಲಿ ಕೆಲಸ ಮಾಡಿದ್ದು ಯಾರು?"

"ನಾನೇ. ಆದರೆ ಕೆಂಪು ದೀಪದಲ್ಲೇ—"

"ಎಂಟನೇ ಕ್ಲಾಸಿಗೇ ಪುಸ್ತಕ ಎಸೆದವನ ಕೈಗೆ ಕೀಲಿ ಕೊಟ್ಟೆನಲ್ಲ, ನನಗೆ ಬುದ್ಧಿ ಇಲ್ಲ!"

ಅಲ್ಲಿಗೆ ಬಂತು ನೋಡಿ. ಯಾವ ವಿಷಯ ಹಿಡಿದು ಹೊರಟರೂ ಕೊನೆಗೆ ನನ್ನ ಎಂಟನೇ ಕ್ಲಾಸಿಗೇ ಬಂದು ನಿಲ್ಲುತ್ತಾರೆ. ನಾನು ಕೆಲಸ ಮಾಡುವ ಗ್ಯಾರೇಜಿನಲ್ಲಿ ಒಂದು ನಟ್ಟು ಕಳೆದರೂ ಅಷ್ಟೇ, ಇಲ್ಲಿ ಹಾಳೆ ಹಾಳಾದರೂ ಅಷ್ಟೇ. ಓದಿದವರ ಕೈಯಿಂದ ಯಾವ ವಸ್ತುವೂ ಈವರೆಗೆ ಕೆಳಗೆ ಬಿದ್ದೇ ಇಲ್ಲವೇನೋ.

ಮಾವ ಡಬ್ಬವನ್ನು ಮುಚ್ಚಿ, ಬಾಗಿಲು ತೆಗೆದು, ಹೊರಗಿನ ಕಸದ ಬುಟ್ಟಿಗೆ ಎಸೆದರು.

"ಕೀಲಿ ಕೊಡು. ತುಂಬಾ ದಿನದಿಂದ ಕೇಳ್ತಿದ್ದವರನ್ನ ಕರೀತೀನಿ, ನಾಳೆ ನಾಲ್ಕು ಗಂಟೆಗೆ ಬಂದು ಎನ್‌ಲಾರ್ಜರ್ ತಗೊಂಡು ಹೋಗ್ತಾರೆ. ಮುಗೀತು ಈ ಆಟ."

ಎನ್‌ಲಾರ್ಜರ್! ನೆಗೆಟಿವನ್ನು ದೊಡ್ಡದು ಮಾಡಿ ಕಾಗದದ ಮೇಲೆ ಬೀಳಿಸುವ ಆ ಯಂತ್ರವನ್ನು 'ನನ್ನ ಕಣ್ಣು ಮಂಜಾದ ಮೇಲೆ ನಿನಗೇ' ಎಂದು ನಾಲ್ಕು ವರ್ಷದಿಂದ ಹೇಳುತ್ತಿದ್ದರು. ಅದರ ಸ್ಕ್ರೂ ಸ್ಕ್ರೂ ಬಿಚ್ಚಿ ಎಣ್ಣೆ ಹಾಕಿ ಜೋಡಿಸಿದವನು ನಾನು. ಈ ಲೋಕದಲ್ಲಿ ನನಗೆ ಬರುವುದು ಎರಡೇ ಕೆಲಸ. ಒಂದು ಹೊಟ್ಟೆಗೆ. ಇನ್ನೊಂದು ಇದು.

ಕೀಲಿ ಬಿಸಾಡಿ ಹೊರಬಂದೆ.

ಹಾಲಿನಲ್ಲಿ ಅತ್ತೆ ಹೊಲಿಗೆ ಮಿಷನ್ ನಿಲ್ಲಿಸಿ ಟೀ ಹಿಡಿದುಕೊಂಡು ನಿಂತಿದ್ದಳು. ಲೋಟ ಹಿಡಿದರೆ ಅವಳ ಕಿರುಬೆರಳು ಮಡಚುವುದಿಲ್ಲ, ಹೊರಗೇ ನಿಂತಿರುತ್ತದೆ. 'ಬಂದಳಪ್ಪ ಮಹಾರಾಣಿ, ಟೀ ಹಿಡಿಯೋ ಶೋಕಿ ನೋಡು' ಎಂದು ಮಾವ ಗೇಲಿ ಮಾಡುವುದು, ನಾವೆಲ್ಲ ನಗುವುದು. ಆ ಮನೆಯ ಹಳೇ ಜೋಕು. ಅವತ್ತು ಯಾರೂ ಹೇಳಲಿಲ್ಲ.

"ಕುಡಿದು ಹೋಗೋ," ಅಂದಳು.

"ಬೇಡ ಅತ್ತೆ. ಈ ಮನೆ ನೀರೂ ಬೇಡ."

ಅವಳ ಮುಖ ಬಾಡಿತು. ಪಾಪ, ಅವಳ ಮೇಲೆ ಯಾಕೆ ಕೂಗಿದೆ ಅನ್ನಿಸಿ ನನ್ನ ಮೇಲೇ ಇನ್ನಷ್ಟು ಸಿಟ್ಟು ಬಂತು.

ಜಗಲಿಯಲ್ಲಿ ಭಾವ ಕೂತಿದ್ದ. ಮಾವನ ಮಗ. ಮದುವೆಗಳ ವಿಡಿಯೋ ತೆಗೆಯುತ್ತಾನೆ.

"ಏನಂತೆ? ಕಾಗದ ಢಮಾರ್ ಅಂತೆ?" ಹಲ್ಲು ಕಿರಿದ. "ಬಿಡೋ. ನಿಮ್ಮ ಮಾವ-ಅಳಿಯನ ಆಟದಲ್ಲಿ ಒಂದು ಫೋಟೋಗೆ ಒಂದು ದಿನ. ನಾನು ಒಂದು ದಿನಕ್ಕೆ ನಾಲ್ಕು ಸಾವಿರ ತೆಗೀತೀನಿ."

"ಅದರಲ್ಲಿ ನೋಡೋ ಹಾಗಿರೋದು ಎಷ್ಟು?"

"ನೀನು ಸಿಟ್ಟಲ್ಲಿ ಚೆನ್ನಾಗಿ ಮಾತಾಡ್ತೀಯ. ಆ ಕೋಣೆ ಮೊದಲು ಬಚ್ಚಲು ಆಗಿತ್ತು, ಇನ್ಮೇಲೆ ಮತ್ತೆ ಬಚ್ಚಲಾಗುತ್ತೆ. ಇಡೀ ಮನೆಗೆ ಒಂದೇ ಬಚ್ಚಲು, ಬೆಳಿಗ್ಗೆ ಎದ್ದರೆ ಸಾಲು ನಿಲ್ಲಬೇಕು."

ನನ್ನ ತಲೆಯೊಳಗೆ ದೀಪ ಹೊತ್ತಿತು. ಹೋದ ವಾರ ಪ್ಲಂಬರನ್ನು ಕರೆತಂದು ಅಳತೆ ತೆಗೆಸಿದವನು ಇವನೇ!

"ನೀನೇ ಕಣೋ!" ಕಾಲರ್ ಹಿಡಿದೆ. "ಕಾಗದ ಹಾಳಾದರೆ ಮಾವ ಕೋಣೆ ಬಿಡ್ತಾರೆ ಅಂತ—"

"ಕೈ ತೆಗಿ. ಗ್ರೀಸು. ಕೀಲಿ ಇದ್ದದ್ದು ನಿನ್ನ ಹತ್ರ, ನನ್ನ ಹತ್ರ ಅಲ್ಲ."

ಕಾಲರ್ ಬಿಟ್ಟೆ. ಹೋಗುವಾಗ ಕಸದ ಬುಟ್ಟಿಯಿಂದ ಡಬ್ಬವನ್ನು ಎತ್ತಿಕೊಂಡು ಹೋದೆ. ಯಾಕೆ ಅಂತ ಕೇಳಿದರೆ ಹೇಳಲಾರೆ. ನಾಳೆ ಬಂದು ಮಾವನ ಮುಖದ ಮೇಲೆ ಎಸೆಯಬೇಕು ಅಂತಿರಬಹುದು.

---

ಮಾವನ ಎದುರು ಮನೆಯಲ್ಲಿ ಎಕ್ಸ್‌ರೇ ಅಕ್ಕ ಇದ್ದಾಳೆ. ಮೂವತ್ತೊಂದು ವರ್ಷ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು, ಆ ಫಿಲ್ಮುಗಳನ್ನು ಕತ್ತಲೆ ಕೋಣೆಯಲ್ಲಿ ತೊಳೆದು ನಿವೃತ್ತಿಯಾದವಳು. ತರಕಾರಿಯವನು ಕೊಟ್ಟ ಚಿಲ್ಲರೆಯಾಗಲಿ, ಕರೆಂಟ್ ಬಿಲ್ಲಾಗಲಿ, ಕಿಟಕಿಗೆ ಹಿಡಿದು ನೋಡದೆ ಒಳಗೆ ಇಡುವವಳಲ್ಲ. ಭಾನುವಾರ ಬೆಳಿಗ್ಗೆ ಅವಳ ಸ್ಕೂಟರಿನ ಬ್ರೇಕು ಸರಿಮಾಡಬೇಕಿತ್ತು. ಸ್ಪ್ಯಾನರ್ ಮೂರು ಸಲ ಜಾರಿತು.

"ಏನೋ ಗ್ಯಾರೇಜು, ನನ್ನ ಗಾಡಿ ನಿನಗೇನು ಮಾಡಿದೆ?"

ಹೇಳಿದೆ. ಎಲ್ಲ ಹೇಳಿದೆ. ಅರ್ಧ ಬೈಗುಳ, ಅರ್ಧ ವಿಷಯ. ಅಕ್ಕ ಬೈಗುಳ ಸೋಸಿ ವಿಷಯ ಮಾತ್ರ ಇಟ್ಟುಕೊಂಡಳು.

"ಆ ಡಬ್ಬ ಎಲ್ಲಿ?"

"ನನ್ನ ಚೀಲದಲ್ಲಿ."

"ತೆಗೆದು ನೋಡಿದೆಯಾ?"

"ಇಲ್ಲ. ಕಪ್ಪು ಕವರು ಹಾಗೇ ಇದೆ."

"ಯಾಕೆ ತೆಗೀಲಿಲ್ಲ? ಹೇಗೂ ಹಾಳಾಗಿದೆಯಲ್ಲ."

"ಬೆಳಕಲ್ಲಿ ತೆಗೆಯೋಕೆ ಕೈ ಬರಲಿಲ್ಲ."

ಅಕ್ಕ ನನ್ನನ್ನು ಕಿಟಕಿಗೆ ಹಿಡಿದ ಫಿಲ್ಮಿನ ಹಾಗೆ ನೋಡಿದಳು.

"ಹಾಗಾದರೆ ನೀನಲ್ಲ. ನಡಿ."

"ಎಲ್ಲಿಗೆ? ನಾನು ಆ ಮನೆಗೆ ಕಾಲಿಡಲ್ಲ!"

"ಎನ್‌ಲಾರ್ಜರ್ ಬೇಕೋ ಬೇಡವೋ? ನಾಲ್ಕು ಗಂಟೆಗೆ ಆತ ಬಂದು ಹೊತ್ತುಕೊಂಡು ಹೋದಮೇಲೆ ಸ್ವಾಭಿಮಾನ ಇಟ್ಟುಕೊಂಡು ಪ್ರಿಂಟ್ ಹಾಕ್ತೀಯಾ?"

ನಡೆದೆ.

---

ಮಾವ ಅಕ್ಕನನ್ನು ನೋಡಿ ಎದ್ದು ನಿಂತರು, ನನ್ನನ್ನು ನೋಡಿ ಕೂತರು.

"ಫೋಟೋದವರೇ, ನಾಲ್ಕು ಪ್ರಶ್ನೆ ಕೇಳ್ತೀನಿ. ಡಬ್ಬ ಎಲ್ಲಿತ್ತು?"

"ಶೆಲ್ಫಿನ ಮೇಲೆ. ಇರಬೇಕಾದದ್ದು ಕೆಳಗಿನ ಡ್ರಾಯರಲ್ಲಿ. ಕೇಳಿ ಈ ಮಹಾಶಯನನ್ನ."

ಅಕ್ಕ ನನ್ನ ಕಡೆ ನೋಡಿದಳು. ಕಿವಿ ಬಿಸಿಯಾಯಿತು.

"ಡ್ರಾಯರ್ ಸಿಕ್ಕಿಹಾಕ್ಕೊಂಡಿತ್ತು," ಅಂದೆ. "ಗುರುವಾರ ಶೆಲ್ಫಿನ ಮೇಲಿಟ್ಟು ಹೋದೆ. ಅಷ್ಟು ನನ್ನ ತಪ್ಪು. ಆದರೆ ಬೆಳಕಲ್ಲಿ ತೆಗೀಲಿಲ್ಲ."

"ಶೆಲ್ಫಿನ ಮೇಲೆ ಬೇರೇನಿದೆ?"

ಕೋಣೆಗೆ ಹೋಗಿ ನೋಡಿದೆವು. ಒಂದು ಕಾಲಕ್ಕೆ ಬಚ್ಚಲಾಗಿದ್ದ ಜಾಗ. ಒಬ್ಬರು ತಿರುಗಿದರೆ ಇನ್ನೊಬ್ಬರು ಉಸಿರು ಎಳೆದುಕೊಳ್ಳಬೇಕು. ಕಿಟಕಿಗೆ ಕಪ್ಪು ರಟ್ಟು. ನಲ್ಲಿಯ ಪಕ್ಕ ಹಲಗೆ, ಹಲಗೆಯ ಮೇಲೆ ಟ್ರೇಗಳು. ಎಡಗಡೆ ಗೋಡೆಗೆ ಎರಡು ಸ್ವಿಚ್ಚು, ಬಿಳಿ ಬಲ್ಬಿಗೊಂದು, ಕೆಂಪಿಗೊಂದು. ಶೆಲ್ಫಿನ ಮೇಲೆ ಸಾಲಾಗಿ ಏಳು ರಟ್ಟಿನ ಡಬ್ಬ. ಎಲ್ಲವೂ ಅದೇ ಕಂಪನಿಯವು, ಅದೇ ಹಳದಿ ಮುಚ್ಚಳ.

"ಇವೆಲ್ಲ ಕಾಗದವಾ?"

"ಅಲ್ಲ. ಕಾಗದ ಮುಗಿದ ಡಬ್ಬಗಳು. ಒಳಗೆ ತೊಳೆದು ಒಣಗಿಸಿದ ಫೋಟೋಗಳಿವೆ, ಅದೇ ಕಪ್ಪು ಕವರುಗಳಲ್ಲಿ," ಅಂದರು ಮಾವ. "ಡಾರ್ಕ್‌ರೂಮ್ ಇಟ್ಟ ಎಲ್ಲರೂ ಹಾಗೇ ಮಾಡೋದು. ಇಷ್ಟು ಗಟ್ಟಿ ಡಬ್ಬ ಎಸೆಯೋಕೆ ಮನಸ್ಸು ಬರುತ್ತಾ?"

"ಅಂದರೆ ಏಳು ಡಬ್ಬದಲ್ಲಿ ಫೋಟೋ, ಎಂಟನೆಯದರಲ್ಲಿ ಕಾಗದ. ನೋಡೋಕೆ ಎಲ್ಲ ಒಂದೇ." ಅಕ್ಕ ತಲೆಯಾಡಿಸಿದಳು. "ಹಾಗಾದರೆ ಬಂದವರು ಕಾಗದ ಹಾಳು ಮಾಡೋಕೆ ಬಂದರು ಅಂತ ಯಾಕೆ ಅಂದುಕೊಂಡಿರಿ? ಯಾವುದೋ ಫೋಟೋ ಹುಡುಕೋಕೆ ಬಂದಿರಬಾರದಾ?"

ಮಾವ ಡಬ್ಬಗಳ ಸಾಲನ್ನು ಮತ್ತೊಮ್ಮೆ ನೋಡಿದರು. ನಾನೂ. ನನಗೆ ಭಾವನ ಕಾಲರು ನೆನಪಾಯಿತು.

"ಕೀಲಿ?"

"ನನ್ನ ಅಂಗಿ ಜೇಬು ಬಿಟ್ಟು ಕದಲಲ್ಲ."

"ಅಂಗಿ ನಿಮ್ಮ ಮೈ ಬಿಟ್ಟು ಕದಲಲ್ವಾ?"

ಭಾವ ಬಾಗಿಲಲ್ಲಿ ನಿಂತು ಕಿಸಕ್ಕನೆ ನಕ್ಕ. ಅಕ್ಕ ಅವನ ಕಡೆ ತಿರುಗಿದಳು. "ಶುಕ್ರವಾರ ನೀನೆಲ್ಲಿದ್ದೆ?"

"ಮದುವೆ ಮನೇಲಿ. ಬೆಳಿಗ್ಗೆ ಐದಕ್ಕೆ ಹೋದವನು ರಾತ್ರಿ ಬಂದೆ. ಬೇಕಾದರೆ ವಿಡಿಯೋ ತೋರಿಸ್ತೀನಿ, ಒಂಬತ್ತು ಗಂಟೆ ಉದ್ದ ಇದೆ."

"ಅಷ್ಟು ಶಿಕ್ಷೆ ಬೇಡ. ಫೋಟೋದವರೇ, ನೀವು ಶುಕ್ರವಾರ?"

"ಮಧ್ಯಾಹ್ನ ಗ್ರಂಥಾಲಯಕ್ಕೆ ಹೋಗಿದ್ದೆ, ಗೋಡೆ ಅಳೆಯೋಕೆ. ಒಳ್ಳೇ ಅಂಗಿ ಹಾಕ್ಕೊಂಡು."

"ಈಗ ಮೈಮೇಲಿರೋದು ದಿನಾ ಹಾಕೋ ಅಂಗಿ ಅಲ್ವಾ? ಜೇಬಿನ ಗುಂಡಿ ಹೊಸದು. ದಾರದ ಬಣ್ಣ ಬೇರೆ." ಅಕ್ಕ ಹಾಲಿನ ಕಡೆ ಕೂಗಿದಳು. "ಈ ಗುಂಡಿ ಯಾವಾಗ ಹೊಲಿದಿರಿ?"

ಅತ್ತೆಯ ದನಿ ಮಿಷನ್ ಸದ್ದಿನ ನಡುವೆ ಬಂತು. "ಶುಕ್ರವಾರ."

"ಗಟ್ಟಿಯಾಗಿದೆ," ಅಂದಳು ಅಕ್ಕ. ಅಷ್ಟೇ. ನನಗೆ ಮೈ ಉರಿಯಿತು. ನನ್ನ ಮಾನ ಹೋಗುತ್ತಿದೆ, ಈಕೆ ಗುಂಡಿ ವಿಚಾರಿಸುತ್ತಿದ್ದಾಳೆ!

"ಅಕ್ಕಾ, ಗಂಟೆ ಹನ್ನೊಂದಾಯ್ತು!"

"ಕೊನೇ ಪ್ರಶ್ನೆ. ಹಾಳೆಗಳು ಮಗುಚಿದ್ದವು ಅಂದಿರಂತೆ?"

"ಹೌದು. ಹೊಳಪು ಬದಿ ಕೆಳಗೆ. ಇವನಿಗೆ ತಲೆ ಇದ್ದರೆ ತಾನೆ?"

"ಇವನು ನಾಲ್ಕು ವರ್ಷದಲ್ಲಿ ಹಿಂದೆ ಯಾವತ್ತಾದರೂ ಮಗುಚಿ ಇಟ್ಟಿದ್ದನಾ?"

ಮಾವ ಯೋಚಿಸಿದರು. ಸುಳ್ಳು ಹೇಳುವ ಮನುಷ್ಯನಲ್ಲ, ಅದನ್ನು ಒಪ್ಪಬೇಕು. "ಇಲ್ಲ."

"ಹಾಗಾದರೆ ಯಾರೋ ಕತ್ತಲಲ್ಲಿ ಅವಸರವಾಗಿ ಇಡೀ ಕಟ್ಟನ್ನು ತಲೆಕೆಳಗಾಗಿ ತುರುಕಿದ್ದಾರೆ. ಅಂದರೆ ನೀವು ಮೇಲಿಂದ ತೆಗೆದ ಎರಡು ಹಾಳೆ, ಮೊದಲು ಅಡಿಯಲ್ಲಿದ್ದವು. ಮೊದಲು ಮೇಲಿದ್ದದ್ದು, ಬೆಳಕನ್ನು ನೇರವಾಗಿ ಕಂಡದ್ದು, ಈಗ ಅಡಿಯಲ್ಲಿದೆ." ಅಕ್ಕ ನನ್ನ ಚೀಲ ತಟ್ಟಿದಳು. "ಅದನ್ನ ಡೆವಲಪರ್‌ಗೆ ಹಾಕಿ."

"ಹಾಳಾದ ಹಾಳೇನಾ? ಕರ್ರಗಾಗುತ್ತೆ, ಇನ್ನೇನು?"

"ಮೂವತ್ತೊಂದು ವರ್ಷ ನಾನು ನೆರಳನ್ನೇ ಓದಿದ್ದು, ಫೋಟೋದವರೇ. ಹಾಳಾದ ಹಾಳೆ ಅಂತ ಒಂದಿಲ್ಲ. ಓದದೆ ಎಸೆದ ಹಾಳೆ ಅಂತ ಇದೆ."

---

ಬಾಗಿಲು ಮುಚ್ಚಿತು. ಕೆಂಪು ದೀಪ ಹೊತ್ತಿತು. ಮಾವ, ಅಕ್ಕ, ನಾನು. ಬಾಗಿಲಿಗೆ ಬೆನ್ನು ಒತ್ತಿಕೊಂಡು ಭಾವ. ಯಾರ ಮೊಣಕೈ ಯಾರ ಪಕ್ಕೆಗೆ ಅಂತ ಲೆಕ್ಕವಿಲ್ಲ.

ಕವರಿನೊಳಗೆ ಹದಿಮೂರು ಹಾಳೆ ಉಳಿದಿದ್ದವು. ಅಡಿಯದನ್ನು ಎಳೆದು ಡೆವಲಪರಿನೊಳಗೆ ಜಾರಿಸಿದೆ. ಮಾವನ ಬೆರಳು ಅಭ್ಯಾಸಬಲದಿಂದ ಟ್ರೇಯ ಮೂಲೆಗೆ ಹೋಯಿತು. ತೂಗತೊಡಗಿತು.

ಹತ್ತು ಎಣಿಸುವಷ್ಟರಲ್ಲಿ ಹಾಳೆ ಸುತ್ತ ಕಪ್ಪಾಯಿತು. ಇಪ್ಪತ್ತಕ್ಕೆ ಕಾಡಿಗೆ. ಆದರೆ ಒಂದು ಅಂಚಿನಿಂದ ಒಳಕ್ಕೆ, ನಾಲ್ಕು ಬಿಳಿ ಗೆರೆ ಹಾಗೇ ಉಳಿದವು. ದಪ್ಪ ಗೆರೆ. ತುದಿ ದುಂಡಗೆ.

"ಬೆರಳು!" ಅಂದ ಭಾವ, ನನ್ನ ಕಿವಿಯಲ್ಲಿ.

ಕೈ. ನಾಲ್ಕು ಬೆರಳು, ಎಲುಬಿನಷ್ಟು ಬೆಳ್ಳಗೆ. ಮೂರು ನೆಟ್ಟಗೆ ಒಟ್ಟಿಗಿದ್ದವು. ನಾಲ್ಕನೆಯದು, ಕಿರುಬೆರಳು, ನಡುಗಂಟಿನಲ್ಲಿ ಹೊರಕ್ಕೆ ಸೊಟ್ಟಗೆ ತಿರುಗಿ ಒಂಟಿಯಾಗಿ ನಿಂತಿತ್ತು.

ಅಕ್ಕನ ಉಸಿರು ಒಂದು ಕ್ಷಣ ನಿಂತದ್ದು ನನಗೆ ಕೇಳಿಸಿತು.

"ತೋರಿಸು ಕೈ," ಅಂದರು ಮಾವ ನನಗೆ. ಚಿತ್ರವನ್ನು ಗಟ್ಟಿ ಮಾಡುವ ಫಿಕ್ಸರಿನಿಂದ ತೆಗೆದು ತೊಳೆದ ಹಾಳೆಯ ಮೇಲೆ ನನ್ನ ಗ್ರೀಸು ಹಿಡಿದ ಪಂಜವನ್ನು ಇಟ್ಟೆ. ಅರ್ಧ ಇಂಚು ದೊಡ್ಡದು. ಬೆರಳೆಲ್ಲ ನೆಟ್ಟಗೆ.

"ಸಾಕಾ?" ಅಂದೆ. ಕೂಗಿದೆ ಅಂತ ಕಾಣುತ್ತದೆ. "ಎಂಟನೇ ಕ್ಲಾಸು ಹೊಂದಿಕೆ ಆಯ್ತಾ?"

ಭಾವ ತಾನಾಗಿಯೇ ಕೈ ಚಾಚಿದ. ಅದೂ ಹೊಂದಲಿಲ್ಲ.

"ಹಾಗಾದರೆ ಹೊರಗಿನ ಕಳ್ಳ," ಅಂದರು ಮಾವ. "ಈ ಕೈ ನಾನು ನೋಡೇ ಇಲ್ಲ."

ಅಕ್ಕ ನಿಟ್ಟುಸಿರು ಬಿಟ್ಟಳು. "ಹೊರಗೆ ಹೋಗೋಣ. ಇಲ್ಲಿ ಉಸಿರು ಕಟ್ಟುತ್ತೆ."

ಹಾಲಿಗೆ ಬಂದೆವು. ಅಕ್ಕ ಒದ್ದೆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅತ್ತೆ ಎಲ್ಲರಿಗೂ ಟೀ ತಂದಳು. ಮಾವನ ಕೈಗೆ ಒಂದು ಲೋಟ. ಭಾವನಿಗೆ. ನನಗೆ.

ನಾನು ಲೋಟ ತೆಗೆದುಕೊಳ್ಳಲು ಕೈ ಚಾಚಿದವನು ಹಾಗೇ ನಿಂತೆ.

ಎಷ್ಟು ವರ್ಷದಿಂದ ಈ ಕೈಯಿಂದ ಟೀ ಕುಡಿದಿದ್ದೇನೆ? ಎಷ್ಟು ಸಲ ನಕ್ಕಿದ್ದೇನೆ? ಅಕ್ಕ ನನ್ನನ್ನೇ ನೋಡುತ್ತಿದ್ದಳು. ಸುಮ್ಮನಿರು ಎಂಬಂತೆ ಕಣ್ಣು ಮಿಟುಕಿಸಿದಳು.

"ಯಾರು ಅಂತ ಗೊತ್ತಾಯ್ತಾ?" ಮಾವ ಲೋಟವನ್ನು ಊದುತ್ತಾ ಕೇಳಿದರು.

"ಹಾಳೆಯೇ ಹೇಳ್ತಿದೆ. ಕೈ ಯಾಕೆ ಬೆಳ್ಳಗಿದೆ? ಬೆಳಕು ಅದರ ಕೆಳಗೆ ಹೋಗಿಲ್ಲ. ಬಂದವರು ಬಿಳಿ ಬಲ್ಬು ಹಾಕಿ, ಫೋಟೋ ಡಬ್ಬ ಅಂತ ತಿಳಿದು ಕವರಿನೊಳಗೆ ಕೈ ಹಾಕಿ, ನಾಲ್ಕು ಬೆರಳು ಮೇಲೆ, ಹೆಬ್ಬೆರಳು ಕೆಳಗೆ ಹಿಡಿದು ಕಟ್ಟನ್ನು ಹೊರಗೆಳೆದರು. ಹಾಳೆ ಬೀಸಣಿಗೆಯ ಹಾಗೆ ಹರಡಿಕೊಂಡವು. ಅದಕ್ಕೇ ಪ್ರತಿಯೊಂದಕ್ಕೂ ಪಕ್ಕದಲ್ಲಿ ಕಪ್ಪು ಪಟ್ಟಿ. ನೋಡಿದರೆ ಫೋಟೋ ಅಲ್ಲ, ಬರೀ ಬಿಳಿ ಹಾಳೆ. ಆಗ ಏನು ಮಾಡಿದರು?"

ಅಕ್ಕ ಹಾಳೆಯ ಮೇಲಿನ ಬಿಳಿ ಬೆರಳುಗಳನ್ನು ತೋರಿಸಿದಳು.

"ಏನೂ ಗೊತ್ತಿಲ್ಲದವರಾದರೆ ಹಾಳೆ ಕೆಳಗಿಟ್ಟು, ತಿರುಗಿಸಿ ನೋಡ್ತಿದ್ದರು. ಕೈ ಎತ್ತಿದ ಕೂಡಲೇ ಆ ಜಾಗವೂ ಕಪ್ಪಾಗ್ತಿತ್ತು, ನೆರಳೇ ಉಳೀತಿರಲಿಲ್ಲ. ಹಾಳು ಮಾಡೋಕೇ ಬಂದವರೂ ಅಷ್ಟೇ. ಇವರು ಕೈ ಎತ್ತಲಿಲ್ಲ. ಬಲಗೈಯನ್ನು ಹಾಗೇ ಒತ್ತಿಹಿಡಿದು, ಎಡಗೈಯಿಂದ ಬಿಳಿ ದೀಪ ಆರಿಸಿದರು. ಸ್ವಿಚ್ಚು ಇರೋದು ಎಡಗಡೆ. ಬೆಳಕು ಕಾಗದವನ್ನು ಕೊಲ್ಲುತ್ತೆ ಅಂತ ಅವರಿಗೆ ಗೊತ್ತಿತ್ತು. ಆಮೇಲೆ ಕತ್ತಲಲ್ಲೇ ತಡಕಾಡಿ ಮಗುಚಿ ತುಂಬಿದರು. ಉಳಿಸೋಕೆ ನೋಡಿದ ಕೈ ಇದು, ಫೋಟೋದವರೇ. ಕೆಡಿಸೋಕೆ ಬಂದದ್ದಲ್ಲ."

"ಆದರೆ ಕೀಲಿ—"

"ಶುಕ್ರವಾರ ನೀವು ಒಳ್ಳೇ ಅಂಗಿ ಹಾಕ್ಕೊಂಡು ಹೋದಿರಿ. ಜೇಬಲ್ಲಿ ಕೀಲಿ ಇದ್ದ ಅಂಗಿ ಗುಂಡಿ ಹೊಲಿಸಿಕೊಳ್ತಾ ಇಲ್ಲೇ ಇತ್ತು."

ಅತ್ತೆ ಖಾಲಿ ತಟ್ಟೆ ಹಿಡಿದು ಮಿಷನ್ ಪಕ್ಕ ನಿಂತಿದ್ದಳು.

"ಯಾರು ಅಂತ ಹೆಸರು ಹೇಳಿ ಮೊದಲು!" ಮಾವ ಗದರಿದರು.

"ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ನಿಮ್ಮ ಕೈಗೆ ಈಗ ಲೋಟ ಕೊಟ್ಟವರು."

ಮಾವ ಲೋಟ ನೋಡಿದರು. ಆಮೇಲೆ ಅತ್ತೆಯನ್ನು. ಅತ್ತೆ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ನೀನಾ?"

"ಹೂಂ," ಅಂದಳು. ನನ್ನ ಕಡೆ ತಿರುಗಿದಳು. "ನಿನ್ನ ಮೇಲೆ ಬರುತ್ತೆ ಅಂತ ಅಂದುಕೊಂಡಿರಲಿಲ್ಲ ಕಣೋ. ಬಂದಮೇಲೆ ಬಾಯಿ ಬಿಡೋಕೆ ಧೈರ್ಯ ಬರಲಿಲ್ಲ. ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ."

"ಐವತ್ತು ವರ್ಷ ಈ ಮನೇಲಿದ್ದು, ಡಬ್ಬ ತೆಗೀಬಾರದು ಅಂತ ಗೊತ್ತಿಲ್ವಾ ನಿನಗೆ? ಏನು ಹುಡುಕ್ತಿದ್ದೆ?"

"ನನ್ನ ಫೋಟೋ."

"ಏನು?"

"ಹದಿನೈದು ಚಿತ್ರ ಆರಿಸಿದ್ದೀನಿ, ನನ್ನ ಇಡೀ ಜೀವನ ಇದೇ ಅಂತ ಎಲ್ಲರ ಹತ್ರ ಹೇಳ್ಕೊಂಡು 'ಬನ್ನಿ' ಅಂತ ಕರೀತಿದ್ದಿರಲ್ಲ. ಅದರಲ್ಲಿ ನಾನಿದ್ದೀನಾ ಅಂತ ನೋಡೋಕೆ ಹೋದೆ. ಏಳು ಡಬ್ಬ ನೋಡಿದೆ. ಸೇತುವೆ ಇತ್ತು. ಬೆಕ್ಕುಗಳಿದ್ದವು. ಸೈಕಲ್ ತಳ್ಳೋ ಯಾವಳೋ ಇದ್ದಳು. ಎಂಟನೇ ಡಬ್ಬಕ್ಕೆ ಕೈ ಹಾಕಿದೆ."

"ನೀನು ಮನೇಲೇ ಇರ್ತೀಯಲ್ಲ," ಅಂದರು ಮಾವ. "ಯಾವಾಗ ಬೇಕಾದರೂ ತೆಗೀಬಹುದು ಅಂತ..."

"ಒಂದು ಸಲ ತೆಗೆದಿದ್ದಿರಿ. ಮದುವೆಯಾದ ವರ್ಷ, ಈ ಕಿಟಕಿ ಹತ್ರ, ಮಿಷನ್ ಮುಂದೆ ಕೂರಿಸಿ. ಪ್ರಿಂಟ್ ಹಾಕ್ತೀನಿ ಅಂದಿದ್ದಿರಿ. ಅದನ್ನೇ ಹುಡುಕಿದ್ದು."

ಮಾವನ ಮುಖದಿಂದ ಬಣ್ಣ ಇಳಿಯುವುದನ್ನು ನಾನು ನೋಡಿದೆ. ಮೆಲ್ಲಗೆ ಅಂದರು, "ಅವತ್ತು ಕ್ಯಾಮೆರಾದಲ್ಲಿ ರೋಲು ಇರಲಿಲ್ಲ. ಶಟರ್ ಸರಿ ಇದೆಯಾ ಅಂತ ಸುಮ್ಮನೆ ಒತ್ತಿ ನೋಡ್ತಿದ್ದೆ."

ನನಗೆ ಲೋಟ ಎತ್ತಿ ಗೋಡೆಗೆ ಬಡಿಯಬೇಕು ಅನ್ನಿಸಿತು. ಭಾವ ಕೂಡ ನೆಲ ನೋಡುತ್ತಿದ್ದ. ನಗಲಿಲ್ಲ.

"ಇರಲಿ," ಅಂದಳು ಅಕ್ಕ. "ನನ್ನದೂ ಒಂದು ಬಾಕಿ ಇದೆ. ಇಪ್ಪತ್ತೆರಡು ವರ್ಷದ ಹಿಂದೆ ಈ ಕಿರುಬೆರಳಿನ ಫಿಲ್ಮ್ ತೊಳೆದವಳು ನಾನು. ಮೆಟ್ಟಿಲ ಮೇಲೆ ಬಿದ್ದೆ ಅಂದಿದ್ದರು ಇವರು. ಬಿದ್ದರೆ ಮೂಳೆ ಹಾಗೆ ಜಜ್ಜಿ ಮುರಿಯಲ್ಲ. ಬಾಗಿಲ ಸಂದಿಗೆ ಸಿಕ್ಕಿದರೆ ಮುರಿಯುತ್ತೆ. ಆಗ ಕೇಳಬೇಕಿತ್ತು. ಕೇಳಲಿಲ್ಲ."

"ಯಾವ ಬಾಗಿಲು?" ಅಂದರು ಮಾವ.

ಎಲ್ಲರೂ ಡಾರ್ಕ್‌ರೂಮಿನ ಬಾಗಿಲು ನೋಡಿದೆವು. ದಪ್ಪ ಬಾಗಿಲು. ಬೆಳಕು ನುಸುಳದಂತೆ ಅಂಚಿಗೆಲ್ಲ ತಗಡು ಹೊಡೆದದ್ದು.

"ಟೀ ತಂದಿದ್ದೆ," ಅಂದಳು ಅತ್ತೆ. "ಸ್ವಲ್ಪ ತೆಗೆದೆ. 'ಮುಚ್ಚೇ!' ಅಂತ ಕೂಗಿ ಒಳಗಿಂದ ಎಳ್ಕೊಂಡಿರಿ. ಒಂದು ಗಳಿಗೆ ಬೆರಳು ಅಲ್ಲೇ ಇತ್ತು. ನಾನೇ ಬಿಡಿಸ್ಕೊಂಡೆ."

"ಕೂಗಬಹುದಿತ್ತಲ್ಲ! ಒಂದು ಸಲ ಕೂಗಿದ್ದರೆ—"

"ಕೂಗಿದ್ದರೆ ಬಾಗಿಲು ತೆಗೀತಿದ್ದಿರಿ. ಫಿಲಂ ಹಾಳಾಗ್ತಿತ್ತು."

ಅದನ್ನು ಅವಳು ಕುಟುಕಲು ಹೇಳಲಿಲ್ಲ. ಇದ್ದದ್ದನ್ನು ಹೇಳಿದಳು. ಅದಕ್ಕೇ ತಡೆಯಲಾಗಲಿಲ್ಲ. ಇಪ್ಪತ್ತೆರಡು ವರ್ಷ ಈ ಮನುಷ್ಯ ಆ ಬೆರಳನ್ನು ನೋಡಿ ಮಹಾರಾಣಿ ಅಂದಿದ್ದಾರೆ! ದೂರದ ಸೇತುವೆಯ ಮೇಲಿನ ಹೆಂಗಸಿನ ಸೀರೆಯ ನೆರಿಗೆ ಕಂಡ ಕಣ್ಣು.

"ನೀವು ಕಳ್ಳನನ್ನ ಹುಡುಕ್ತಿದ್ರಿ ಅಲ್ವಾ ಮಾವ?" ಅಂದೆ. "ಈಗ ಹುಡುಕಿ. ಐವತ್ತು ವರ್ಷದಿಂದ ಈ ಮನೇಲಿ ಯಾರು ಯಾರದ್ದು ಕದ್ದಿದ್ದಾರೆ ಅಂತ."

ಮಾವ ನನಗೆ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಅಕ್ಕ ಎದ್ದು ಮನೆಗೆ ಹೋದಳು. ಹಾಳೆಯನ್ನು ಅತ್ತೆಯ ಮಿಷನ್ನಿನ ಮೇಲೆ ಒಣಗಲು ಇಟ್ಟು ಹೋದಳು. ಮಧ್ಯಾಹ್ನದ ಅಡುಗೆ ಆಗಲಿಲ್ಲ. ನಾಲ್ಕು ಗಂಟೆಗೆ ಬೆಲ್ಲು ಹೊಡೆಯಿತು. ಎನ್‌ಲಾರ್ಜರಿನವನು. ಮಾವ ಏಳಲಿಲ್ಲ. ಅತ್ತೆ ಹೋಗಿ ಬಾಗಿಲು ಅರ್ಧ ತೆಗೆದು, "ಈ ಮನೆ ಅಲ್ಲಪ್ಪ" ಎಂದು ಮುಚ್ಚಿದಳು.

ಆಗ ಮಾವ ಜೇಬಿಗೆ ಕೈ ಹಾಕಿ ನನ್ನ ಕೀಲಿಯನ್ನು ತೆಗೆದರು. ನನ್ನ ಕಡೆ ಚಾಚಿದರು.

"ನನಗ್ಯಾಕೆ? ಅತ್ತೆಗೆ ಕೊಡಿ."

"ನನಗೆ ಕೀಲಿ ಬೇಡ," ಅಂದಳು ಅತ್ತೆ. "ಫೋಟೋ ಬೇಕು."

ಮಾವ ತಟ್ಟನೆ ಎದ್ದರು. ಕ್ಯಾಮೆರಾ ತಂದರು. "ಕೂತ್ಕೋ. ಅಲ್ಲೇ, ಕಿಟಕಿ ಹತ್ರ. ಈಗಲೇ—"

"ನೀವಲ್ಲ." ಅತ್ತೆ ನನ್ನ ಕಡೆ ಗಲ್ಲ ಎತ್ತಿದಳು. "ಇವನು ತೆಗೀಲಿ."

ಮಾವ ಕ್ಯಾಮೆರಾ ಕೊಟ್ಟರು. ಮೊದಲು ರೋಲು ಇದೆಯಾ ಅಂತ ನೋಡಿದೆ, ಎಲ್ಲರೆದುರಿಗೇ. ಫಿಲಂ ಸುತ್ತುವ ಗುಂಡಿ ತಿರುಗಿಸಿದೆ. ಬಿಗಿಯಾಗಿತ್ತು, ರೋಲು ಇತ್ತು. ಅತ್ತೆ ಮಿಷನ್ ಮುಂದೆ ಕೂತಳು. ಬಲಗೈ ಬಟ್ಟೆಯ ಕೆಳಗೆ ಹೋಯಿತು.

"ಕೈ ಮೇಲಿಡು ಅತ್ತೆ."

"ಸೊಟ್ಟಗಿದೆಯೋ."

"ಅದಕ್ಕೇ ಇಡು."

ಇಟ್ಟಳು. ಕಿಟಕಿಯ ಬೆಳಕು ಅಷ್ಟು ಹೊತ್ತಿಗೆ ಇಳಿದಿತ್ತು, ಮುಖದ ಅರ್ಧ ನೆರಳಲ್ಲಿತ್ತು. ನಾನು ಹೇಳುವ ಮೊದಲೇ ಮಾವ ಹೊಲಿಗೆ ಮಿಷನ್ನಿನ ದೀಪವನ್ನು ಕಳಚಿ ಕೈಯಲ್ಲಿ ಹಿಡಿದು ಪಕ್ಕಕ್ಕೆ ಬಂದು ನಿಂತರು. ಐವತ್ತು ವರ್ಷದಲ್ಲಿ ಮೊದಲ ಸಲ ಕ್ಯಾಮೆರಾದ ಆಚೆ ಬದಿಯಲ್ಲಿ. ತಪ್ಪಾಯಿತು ಅಂತ ಅಂದರಾ? ಇಲ್ಲ. ಈ ಗಳಿಗೆಯವರೆಗೂ ಅಂದಿಲ್ಲ.

"ಬೆಳಕು ಸಾಕಾ?" ಅಂದರು.

ನಾನು ಕ್ಯಾಮೆರಾದಿಂದ ಕಣ್ಣು ತೆಗೆಯಲಿಲ್ಲ.

"ಸಾಲದು," ಅಂದೆ. "ಇನ್ನೂ ಹತ್ತಿರ ಬನ್ನಿ."